ಗಂಡಸರಿಗೆ ಸಮುದ್ರ, ಹೆಂಗಸರಿಗೆ ಮೆಹಂದಿ

ಗುರುವಾಯನಕೆರೆಯಲ್ಲಿ ನಮ್ಮದು ಪಂಪ್‌ಸೆಟ್ಟಿನ ಅಂಗಡಿ. ಬೆಳಿಗ್ಗೆ ಶಟರ್ ಎತ್ತುವವಳು ನಾನು. ನನ್ನ ಗಂಡ ಬೈಕು ಹತ್ತಿ ವೇಣೂರು, ಬೆಳ್ತಂಗಡಿ, ಕೆಲವು ದಿನ ಮೂಡುಬಿದಿರೆಯವರೆಗೂ ಹೋಗಿ ಬಾವಿಗೆ ಪಂಪು ಇಳಿಸಿ, ಸುಟ್ಟ ಮೋಟಾರು ಬಿಚ್ಚಿಕೊಂಡು ಸಂಜೆ ಬರುತ್ತಾರೆ. ಬಾವಿ ಎಷ್ಟು ಅಡಿ, ಬೇಸಗೆಯಲ್ಲಿ ನೀರು ಎಲ್ಲಿಗೆ ಇಳಿಯುತ್ತದೆ, ತೋಟದ ತುದಿ ಎಷ್ಟು ಎತ್ತರದಲ್ಲಿದೆ ಎಂದೆಲ್ಲ ಕೇಳಿ, ಯಾವ ಪಂಪು ಹಾಕಬೇಕೆಂದು ಹೇಳುವವಳು ನಾನು. ಅಂಗಡಿ ತೆರೆದಾಗ ಅವರು ಇನ್ನೊಬ್ಬರ ಬಳಿ ಮೆಕ್ಯಾನಿಕ್ ಆಗಿದ್ದರು. ಹಾಗಾಗಿ ಲೈಸೆನ್ಸು, ಆಮೇಲೆ ಬಂದ ಜಿಎಸ್‌ಟಿ, ಕಂಪನಿಯ ಡೀಲರ್‌ಶಿಪ್ಪು ಎಲ್ಲವೂ ನನ್ನ ಹೆಸರಿನಲ್ಲಾಯಿತು. ಹದಿನೆಂಟು ವರ್ಷವಾದರೂ ಹಾಗೆಯೇ ಇದೆ.

ಕಳೆದ ವರ್ಷ ಪಂಪಿನ ಕಂಪನಿಯಿಂದ ಒಂದು ಕಾಗದ ಬಂತು. ಮಾರಾಟದ ಗುರಿ ಮುಟ್ಟಿದ ಹನ್ನೆರಡು ಡೀಲರುಗಳಿಗೆ ಅಂಡಮಾನಿನ ದ್ವೀಪವೊಂದರ ರೆಸಾರ್ಟಿನಲ್ಲಿ ನಾಲ್ಕು ದಿನದ ಪ್ರವಾಸ, ಸ್ಕೂಬಾ ಡೈವಿಂಗ್ ಸಹಿತ. ಕಾಗದ ನನ್ನ ಗಂಡನ ಹೆಸರಿಗಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, ‘ಪತ್ನಿಯೊಂದಿಗೆ ಬನ್ನಿ’ ಎಂದಿತ್ತು. ನನಗೆ ಆಗಲೇ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಮುದ್ರದ ಅಡಿಗೆ ಹೋಗಬಹುದು ಎಂಬ ಸಾಲನ್ನೇ ನಾಲ್ಕು ಸಲ ಓದಿ, ಉಳಿದದ್ದನ್ನು ಬಿಟ್ಟುಬಿಟ್ಟೆ.

ನನ್ನ ತವರು ವೇಣೂರು. ಮನೆಯಿಂದ ಗದ್ದೆ ದಾಟಿದರೆ ಫಲ್ಗುಣಿ ನದಿ. ಬಟ್ಟೆ ಒಗೆಯಲು ಹೋಗುತ್ತಿದ್ದ ನನ್ನ ಸೋದರತ್ತೆ ಕಲ್ಲಿನ ಮೇಲೆ ನಿಂತು, ‘ಕೈ ಬಡಿ, ಕಾಲು ಬಡಿ, ಬಾಯಿ ಮುಚ್ಚು’ ಎಂದು ಮೂರೇ ಪಾಠ ಹೇಳಿ ನನ್ನನ್ನು ನೀರಿಗೆ ತಳ್ಳಿದ್ದರು. ಹತ್ತು ವರ್ಷಕ್ಕೆಲ್ಲ ನಾನು ಈ ದಡದಿಂದ ಆ ದಡಕ್ಕೆ ಹೋಗಿ ಬರುತ್ತಿದ್ದೆ. ಗುಂಡಿಯ ತಳಕ್ಕೆ ಮುಳುಗಿ ಹಿಡಿ ಮರಳು ತರುತ್ತಿದ್ದೆ. ಹದಿಮೂರಕ್ಕೆ ಅಜ್ಜಿ ನಿಲ್ಲಿಸಿದರು. ನಿಲ್ಲಿಸಿದ್ದಕ್ಕೆ ಕಾರಣ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದೇ ವರ್ಷ ನನ್ನ ಅಣ್ಣನಿಗೆ ಟ್ಯೂಬು ತಂದುಕೊಟ್ಟು ಈಜು ಕಲಿಸಲು ಶುರು ಮಾಡಿದರು.

ಪ್ರವಾಸಕ್ಕೆ ವಾರವಿರುವಾಗ ಈಜುಡುಪು ತರಲು ಮೂಡುಬಿದಿರೆಗೆ ಹೋದೆ. ಕ್ರೀಡಾ ಸಾಮಾನಿನ ಅಂಗಡಿಯ ಹುಡುಗಿ, “ಮಗಳಿಗಾ ಆಂಟಿ? ಯಾವ ಕ್ಲಾಸು?” ಎಂದಳು. ನನಗೆ ಎಂದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಒಳಗೆ ಹೋದವಳು, ಮೈತುಂಬ ಮುಚ್ಚುವ ಕಪ್ಪು ಉಡುಪೊಂದನ್ನು ಹುಡುಕಿ ತಂದಳು. ಕಾಲಿನಲ್ಲಿ ನಾಲ್ಕು ಬೆರಳು ಉದ್ದ ಕಮ್ಮಿ. ತೊಂದರೆಯಿಲ್ಲ ಎಂದು ಕಟ್ಟಿಸಿಕೊಂಡು ಬಂದೆ. ಗಂಡನಿಗೆ ತೋರಿಸಿದಾಗ, “ಇದೆಲ್ಲ ಎಂತಕೆ ನಿನಗೆ? ದಡದಲ್ಲಿ ಕೂರ್ಲಿಕ್ಕೆ ಚೂಡಿದಾರ್ ಸಾಕಿತ್ತಲ್ಲ?” ಎಂದರು. ಮದುವೆಯಾಗಿ ಇಪ್ಪತ್ತೆರಡು ವರ್ಷ. ನನಗೆ ಈಜು ಬರುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಿದ್ದೆ, ಒಂದೆರಡು ಸಲ ಅಲ್ಲ. ಅವರು ಕೇಳಿಸಿಕೊಂಡಿರಲಿಲ್ಲ.

ರೆಸಾರ್ಟು ಚೆನ್ನಾಗಿತ್ತು, ಸುಳ್ಳು ಹೇಳಬಾರದು. ತೆಂಗಿನ ಮರಗಳ ನಡುವೆ ಮರದ ಮನೆಗಳು, ಮೆಟ್ಟಿಲಿಳಿದರೆ ಬಿಳಿ ಮರಳು, ಆಮೇಲೆ ಕುತ್ತಿಗೆಮಟ್ಟದ ನೀರಿನಲ್ಲೂ ಕಾಲಿನ ಉಗುರು ಕಾಣುವಂಥ ಸಮುದ್ರ. ಮರುದಿನ ಬೆಳಿಗ್ಗೆ ಬಾಗಿಲಿನ ಅಡಿಯಿಂದ ಯಾರೋ ಒಂದು ಹಾಳೆ ತೂರಿಸಿದ್ದರು. ಕಾರ್ಯಕ್ರಮದ ಪಟ್ಟಿ. ಒಂಬತ್ತು ಗಂಟೆಗೆ ಡೀಲರುಗಳಿಗೆ ಸ್ಕೂಬಾ ಡೈವಿಂಗ್. ಅದೇ ಹೊತ್ತಿಗೆ ಲೇಡೀಸ್ ಪ್ರೋಗ್ರಾಂ, ಮೆಹಂದಿ ಮತ್ತು ಹೌಸಿ ಆಟ. ಮಧ್ಯಾಹ್ನ ಮೂರಕ್ಕೆ ‘ಮಕ್ಕಳಿಗೆ ಮತ್ತು ಲೇಡೀಸ್‌ಗೆ’ ಗಾಜಿನ ತಳದ ದೋಣಿ.

ಮಕ್ಕಳಿಗೆ ಮತ್ತು ಲೇಡೀಸ್‌ಗೆ. ಆ ಸಾಲನ್ನು ಓದಿದಾಗ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ.

ತಿಂಡಿಯ ಹಾಲ್‌ನಲ್ಲಿ ಕಂಪನಿಯ ಮ್ಯಾನೇಜರ್ ಇದ್ದರು. ಬೆಂಗಳೂರಿನ ಕಡೆಯವರು, ತಲೆಗೆ ಕಂಪನಿಯ ಟೊಪ್ಪಿ, ಕೈಯಲ್ಲಿ ಹೆಸರುಗಳ ಪಟ್ಟಿ. ನಾನು ನೇರವಾಗಿ ಹೋಗಿ ಕೇಳಿದೆ.

“ಸರ್, ಸ್ಕೂಬಾದ ಲಿಸ್ಟಲ್ಲಿ ನನ್ನ ಹೆಸರಿಲ್ಲ.”

“ಲೇಡೀಸ್‌ಗೆ ಬೇರೆ ಪ್ರೋಗ್ರಾಂ ಇಟ್ಟಿದೀವಿ ಮೇಡಂ. ತುಂಬಾ ಚೆನ್ನಾಗಿರುತ್ತೆ.”

“ನನಗೆ ಮೆಹಂದಿ ಬೇಡ. ನಾನು ನೀರಿಗೆ ಇಳೀತೇನೆ.”

ಅವರು ನಕ್ಕರು. “ರಿಸ್ಕು ಮೇಡಂ ಅದು. ಈಜು ಬರಬೇಕಾಗುತ್ತೆ.”

“ನನಗೆ ಬರ್ತದೆ. ಈ ಹನ್ನೆರಡು ಜನರಲ್ಲಿ ಎಷ್ಟು ಜನಕ್ಕೆ ಬರ್ತದೆ ಅಂತ ಕೇಳಿದ್ದೀರಾ?”

ಪಕ್ಕದ ಮೇಜುಗಳ ಕಡೆಗೆ ತಿರುಗಿ ನೋಡಿದೆ. ಯಾರೂ ಕೈ ಎತ್ತಲಿಲ್ಲ.

“ನೋಡಿ ಮೇಡಂ, ಹನ್ನೆರಡು ಸೀಟು ಬುಕ್ ಆಗಿರೋದು. ಅದು ಡೀಲರ್ಸ್‌ಗೆ ಮಾತ್ರ.”

“ಡೀಲರ್ ನಾನೇ.”

ಮೊಬೈಲಿನಲ್ಲಿದ್ದ ಜಿಎಸ್‌ಟಿ ಪ್ರಮಾಣಪತ್ರ ತೆಗೆದು ಅವರ ಮುಖದ ಎದುರು ಹಿಡಿದೆ. ಅವರು ಅದನ್ನು ಓದಿದರು, ಟೊಪ್ಪಿ ಸರಿ ಮಾಡಿಕೊಂಡರು. “ಪೇಪರಲ್ಲಿ ಹಾಗಿರುತ್ತೆ ಮೇಡಂ. ಟ್ಯಾಕ್ಸ್‌ಗೋಸ್ಕರ ಎಲ್ಲರೂ ಹೆಂಡತಿ ಹೆಸರಲ್ಲೇ ಮಾಡೋದು, ನಮಗೇನು ಗೊತ್ತಿಲ್ವಾ?” ಎಂದರು. ಈಗ ಹಾಲ್‌ನಲ್ಲಿದ್ದ ಗಂಡಸರೆಲ್ಲ ನಕ್ಕರು. ಮುಜುಗರ ತಪ್ಪಿದ ನಗು ಅದು.

ನಾನು ನನ್ನ ಗಂಡನನ್ನು ನೋಡಿದೆ. ಒಂದು ಮಾತು ಸಾಕಿತ್ತು. ‘ಅಂಗಡಿ ನಡೆಸುವುದು ಅವಳೇ’ ಎಂದಿದ್ದರೆ ಮುಗಿಯುತ್ತಿತ್ತು. ಅವರು ವಡೆ ಮುರಿಯುತ್ತ, ತುಳುವಿನಲ್ಲಿ ಮೆತ್ತಗೆ, “ಬಿಡು ಮಾರಾಯ್ತಿ, ಎಲ್ಲರ ಎದುರು ಎಂತಕೆ?” ಎಂದರು.

ಮ್ಯಾನೇಜರ್ ನಕ್ಕದ್ದು ನನಗೆ ಅಷ್ಟು ತಾಗಲಿಲ್ಲ. ಈ ಮಾತು ತಾಗಿತು.

ಹೊರಗೆ ಮೆಟ್ಟಿಲಿನ ಬಳಿ ಒಬ್ಬರು ನನ್ನ ಕೈ ಹಿಡಿದು ನಿಲ್ಲಿಸಿದರು. ಬಂಟ್ವಾಳದ ಡೀಲರೊಬ್ಬರ ಹೆಂಡತಿ, ಬ್ಯಾರಿ ಮುಸ್ಲಿಮರ ಮನೆಯವರು, ನನಗಿಂತ ಸ್ವಲ್ಪ ಚಿಕ್ಕವರು. ವಿಮಾನದಲ್ಲಿ ನನ್ನ ಪಕ್ಕ ಕುಳಿತಿದ್ದರು, ಅಷ್ಟೇ ಪರಿಚಯ. “ಸರಿಯಾಗಿ ಕೇಳಿದ್ರಿ ನೀವು,” ಎಂದರು. “ಇದೆಂತ ಮದುವೆ ಮನೆಯಾ, ಮೆಹಂದಿ ಹಾಕ್ಲಿಕ್ಕೆ? ಮೆಹಂದಿ ನಮ್ಮ ಬಂಟ್ವಾಳದಲ್ಲಿ ಇಲ್ವಾ? ಇಷ್ಟು ದೂರ ಬರ್ಬೇಕಿತ್ತಾ ಅದಕ್ಕೆ?” ನನಗೆ ಅಳು ಬರುವುದರಲ್ಲಿತ್ತು, ಅದನ್ನು ಕೇಳಿ ನಗು ಬಂತು.

ನಾನು ಕೋಣೆಗೆ ಹೋಗದೆ ಗಂಡಸರ ಹಿಂದೆಯೇ ಸಮುದ್ರದ ಬದಿಯ ಶೆಡ್ಡಿಗೆ ನಡೆದೆ. ಅಲ್ಲಿ ಡೈವಿಂಗ್ ಕಲಿಸುವವನಿದ್ದ. ನಲವತ್ತರ ಆಸುಪಾಸು, ಬಿಸಿಲಿಗೆ ಸುಟ್ಟ ಮೈ, ಹಿಂದಿಯಲ್ಲಿ ಬೇಕಾದಷ್ಟೇ ಮಾತು. ಎಲ್ಲರಿಗೂ ಒಂದೊಂದು ಫಾರಂ ಕೊಟ್ಟ. ಯಾವ ಕಾಯಿಲೆ ಇದೆ, ಯಾವುದಿಲ್ಲ ಎಂದು ಗುರುತು ಹಾಕಿ ಸಹಿ ಮಾಡಬೇಕು. ನನ್ನ ಗಂಡ ತಮ್ಮ ಫಾರಮನ್ನು ನನ್ನ ಕಡೆಗೆ ತಳ್ಳಿದರು. “ಇದನ್ನೊಂಚೂರು ತುಂಬು. ಕನ್ನಡಕ ರೂಮಲ್ಲಿ ಉಂಟು.”

ಎಂಥ ಧೈರ್ಯ ನೋಡಿ! ನನ್ನ ಜಾಗದಲ್ಲಿ ತಾವು ಹೋಗುವುದಕ್ಕೆ ನನ್ನ ಕೈಯಲ್ಲೇ ಫಾರಂ ತುಂಬಿಸುವುದು. ಆದರೂ ಅಭ್ಯಾಸ ಬಲ. ಪೆನ್ನು ತೆಗೆದೆ, ತುಂಬುತ್ತ ಹೋದೆ. ಆರನೆಯದೋ ಏಳನೆಯದೋ ಪ್ರಶ್ನೆಗೆ ಬಂದಾಗ ಕೈ ನಿಂತಿತು. ರಕ್ತದೊತ್ತಡ ಇದೆಯೇ, ಅದಕ್ಕೆ ಔಷಧ ತೆಗೆದುಕೊಳ್ಳುತ್ತೀರಾ?

“ಬಿಪಿ ಕೇಳಿದ್ದಾರೆ,” ಎಂದೆ.

“ಇಲ್ಲ ಅಂತ ಹಾಕು.”

“ಬೆಳಿಗ್ಗೆ ಮಾತ್ರೆ ಕೊಟ್ಟದ್ದು ನಾನು. ಅದರ ಸ್ಟ್ರಿಪ್ಪು ನನ್ನ ಬ್ಯಾಗಲ್ಲೇ ಉಂಟು.”

“ಅದು ಸ್ವಲ್ಪ ಇರುವುದಷ್ಟೆ. ಎಲ್ಲರಿಗೂ ಇರ್ತದೆ. ಇಲ್ಲ ಅಂತ ಹಾಕು ಮಾರಾಯ್ತಿ, ಅವರು ನೋಡ್ತಾ ಇದ್ದಾರೆ.”

ನಾನು ಪೆನ್ನು ಕೆಳಗಿಟ್ಟೆ. ಅವರು ಅದನ್ನೆತ್ತಿ, ಕಣ್ಣು ಕಿರಿದು ಮಾಡಿ, ತಾವೇ ‘ಇಲ್ಲ’ ಎಂಬಲ್ಲಿ ಗುರುತು ಹಾಕಿ ಸಹಿ ಮಾಡಿ ಕೊಟ್ಟುಬಂದರು. ನನಗೆ ಅವರ ಮುಖ ಕಾಣುತ್ತಿತ್ತು. ಹೆದರಿದ್ದರು. ಮನೆಯ ಬಾವಿಗೆ ಪಂಪು ಇಳಿಸುವಾಗಲೂ ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುವ ಮನುಷ್ಯ. ಸಮುದ್ರ ಬೇಡ ಎನ್ನುವ ಆಸೆ ಅವರಿಗೇ ಎಷ್ಟಿತ್ತೋ. ಆದರೆ ಉಳಿದ ಹನ್ನೊಂದು ಜನ ಇಳಿಯುವಾಗ ತಾನು ದಡದಲ್ಲಿ ನಿಲ್ಲುವುದು, ತನ್ನ ಬದಲು ಹೆಂಡತಿ ಇಳಿಯುವುದು, ಅದು ಅವರಿಗೆ ಸಾವಿಗಿಂತ ಕಷ್ಟ.

ಅವರ ಹತ್ತಿರ ಹೋಗಿ, “ನೀವೇ ಹೇಳಿ. ಇಲ್ಲದಿದ್ದರೆ ನಾನು ಹೇಳ್ತೇನೆ,” ಎಂದೆ. ಅವರು ಕಾಲಿಗೆ ರಬ್ಬರಿನ ಶೂ ಹಾಕುತ್ತಿದ್ದರು, ತಲೆ ಎತ್ತಲಿಲ್ಲ. ನಾನೇ ಕಲಿಸುವವನ ಬಳಿ ಹೋಗಿ ಹೇಳಿದೆ. ಶಾಲೆಯಲ್ಲಿ ಕಲಿತ ಹರುಕು ಹಿಂದಿಯಲ್ಲಿ ಹೇಳಿದೆ, ಮಾತ್ರೆಯ ಸ್ಟ್ರಿಪ್ಪನ್ನೂ ತೋರಿಸಿದೆ.

ಅವನು ಮಾತ್ರೆ ನೋಡಿದ, ನನ್ನ ಗಂಡನನ್ನು ಕರೆದು ಒಂದೇ ಪ್ರಶ್ನೆ ಕೇಳಿದ, ಅವರು ತೊದಲಿದರು. ಡಾಕ್ಟರ ಚೀಟಿ ಇಲ್ಲದೆ ಆಗುವುದಿಲ್ಲ ಎಂದು ಅವನು ಫಾರಮಿನ ಮೇಲೆ ಉದ್ದಕ್ಕೆ ಗೆರೆ ಎಳೆದ. ಆಮೇಲೆ ಎಲ್ಲರ ಕಡೆ ತಿರುಗಿ, ಹನ್ನೆರಡು ಸಿಲಿಂಡರ್ ದೋಣಿಗೆ ಏರಿಸಿ ಆಗಿದೆ, ಒಂದು ಜಾಗ ಖಾಲಿ, ಯಾರಿದ್ದೀರಿ ಎಂದು ಕೇಳಿದ.

“ನಾನು,” ಎಂದೆ.

ಮ್ಯಾನೇಜರ್ ಓಡಿ ಬಂದರು. ಏನಾದರೂ ಆದರೆ ತನ್ನ ತಲೆಗೆ ಬರುತ್ತದೆ, ಈಜು ಬಾರದವರನ್ನು ಹೇಗೆ ಕಳಿಸುವುದು ಎಂದೆಲ್ಲ ಹೇಳಿದರು. ಕಲಿಸುವವನು, ಈಜು ಬರಲೇಬೇಕೆಂದಿಲ್ಲ, ಹೇಳಿದ ಮಾತು ಕೇಳಿದರೆ ಸಾಕು ಎಂದು ನನ್ನ ಕೈಗೆ ಹೊಸ ಫಾರಂ ಕೊಟ್ಟ. ಅಂದರೆ ತಿಂಡಿಯ ಹಾಲ್‌ನಲ್ಲಿ ಹೇಳಿದ ಕಾರಣವೇ ಸುಳ್ಳು! ಸೋತ ಮ್ಯಾನೇಜರ್ ಕೊನೆಗೆ ನನ್ನ ಗಂಡನನ್ನು ಕೇಳಿದರು, “ಸರ್, ನಿಮ್ಮ ಪರ್ಮಿಷನ್ ಇದೆಯಾ?”

ನನ್ನ ಗಂಡ ಸಮುದ್ರ ನೋಡುತ್ತ, “ಅವಳಿಗೆ ಬೇಕಾದ್ದು ಮಾಡ್ಲಿ,” ಎಂದು ಹೇಳಿ ತೆಂಗಿನ ಮರಗಳ ಕಡೆಗೆ ನಡೆದುಬಿಟ್ಟರು. ಉಳಿದ ಹನ್ನೊಂದು ಗಂಡಸರಲ್ಲಿ ಒಬ್ಬರ ಹೆಂಡತಿಯನ್ನಾದರೂ ಕರೆದು ಪರ್ಮಿಷನ್ ಕೇಳಿದ್ದರೇ? ಬಾಯಿಗೆ ಬಂದದ್ದನ್ನು ನುಂಗಿದೆ. ದೋಣಿ ಹೊರಡುವುದರಲ್ಲಿತ್ತು.

ಮೆಟ್ಟಿಲಿನ ಬಳಿ ಸಿಕ್ಕಿದ ಬಂಟ್ವಾಳದವರು ಒಂದು ಕೈಗೆ ಅರ್ಧ ಮೆಹಂದಿ ಹಾಕಿಸಿಕೊಂಡವರು ಎದ್ದು ಓಡಿ ಬಂದಿದ್ದರು. ಬೆಳಿಗ್ಗೆಯೇ ಈಜುಡುಪಿನ ಮೇಲೆ ಹಾಕಿಕೊಂಡಿದ್ದ ನನ್ನ ಚೂಡಿದಾರ, ತಾಳಿ, ಮೊಬೈಲು ಎಲ್ಲವನ್ನೂ ಇನ್ನೊಂದು ಕೈಯಲ್ಲಿ ತೆಗೆದುಕೊಂಡರು. “ಹೋಗಿ ಬನ್ನಿ. ಎಂತೆಲ್ಲ ಉಂಟು ಅಂತ ಸರಿಯಾಗಿ ನೋಡಿ ಬನ್ನಿ, ನನಗೆ ಹೇಳ್ಬೇಕು,” ಎಂದರು.

ಮೊದಲು ಎದೆಮಟ್ಟದ ನೀರಿನಲ್ಲಿ ಅಭ್ಯಾಸ. ಬಾಯಿಯಲ್ಲಿ ನಳಿಕೆ ಕಚ್ಚಿ ಉಸಿರಾಡಬೇಕು, ಕಿವಿ ನೋಯುವಾಗ ಮೂಗು ಹಿಡಿದು ಊದಬೇಕು. ನಕ್ಕ ಗಂಡಸರಲ್ಲಿ ಇಬ್ಬರು ಮುಖವನ್ನು ನೀರಿಗೆ ಹಾಕಿದ ಕೂಡಲೇ ಕೆಮ್ಮುತ್ತ ಎದ್ದು, ಇವತ್ತು ಮೈ ಸರಿಯಿಲ್ಲ ಎಂದು ದೋಣಿ ಹತ್ತಿ ಕುಳಿತರು. ಅವರಿಗೆ ಯಾರೂ ಏನೂ ಅನ್ನಲಿಲ್ಲ. ಲೇಡೀಸ್ ಪ್ರೋಗ್ರಾಮಿಗೂ ಕಳಿಸಲಿಲ್ಲ.

ನನ್ನ ಸರದಿ ಬಂದಾಗ ಕಲಿಸುವವನು ಬೆನ್ನಿನ ಸಿಲಿಂಡರ್ ಹಿಡಿದುಕೊಂಡು ನನ್ನನ್ನು ನಿಧಾನವಾಗಿ ಕೆಳಗೆ ಕರೆದುಕೊಂಡು ಹೋದ. ಮೊದಲ ಹತ್ತು ಅಡಿಗೆ ಕಿವಿಯಲ್ಲಿ ಸೂಜಿ ಚುಚ್ಚಿದಂತಾಯಿತು. ಊದಿದೆ, ಬಿಟ್ಟಿತು. ಮತ್ತೆ ಇಳಿದೆವು. ಅವನ ಕೈಗಡಿಯಾರದಂಥ ಯಂತ್ರದಲ್ಲಿ ಒಂಬತ್ತು ಮೀಟರ್ ಎಂದು ಬಂದದ್ದನ್ನು ತೋರಿಸಿದ. ಮೂವತ್ತಡಿ. ನಮ್ಮ ಅಂಗಡಿಯಲ್ಲಿ ನಾನು ದಿನಕ್ಕೆ ಹತ್ತು ಸಲ ಹೇಳುವ ಮಾತೊಂದಿದೆ: ಇಪ್ಪತ್ತೈದು ಅಡಿಗಿಂತ ಕೆಳಗಿರುವ ನೀರನ್ನು ದಡದ ಪಂಪು ಎಳೆಯುವುದಿಲ್ಲ, ನೀರಿನೊಳಗೇ ಇಳಿಸುವ ಪಂಪು ಬೇಕು. ಆ ಆಳದಲ್ಲಿ ಈಗ ನಾನೇ ಇದ್ದೆ. ಹಳದಿ ಮೀನುಗಳ ದೊಡ್ಡ ಗುಂಪೊಂದು ನನ್ನನ್ನು ಕಂಬ ಎಂದು ತಿಳಿದೋ ಏನೋ, ಎರಡಾಗಿ ಸೀಳಿ ನನ್ನ ಎರಡೂ ಬದಿಯಿಂದ ಹೋಗಿ ಹಿಂದೆ ಒಂದಾಯಿತು. ಒಂದು ಗಿಳಿಬಣ್ಣದ ಮೀನು ಹವಳವನ್ನು ಕಡಿಯುವ ಸದ್ದು ಕೂಡ ಕೇಳಿಸಿತು, ಒಣ ಹಪ್ಪಳ ಮುರಿದ ಹಾಗೆ. ಯಾರೂ ಮಾತಾಡುವಂತಿಲ್ಲ ಅಲ್ಲಿ. ಅದೇ ದೊಡ್ಡ ಸುಖ. ಮೂವತ್ತೊಂದು ವರ್ಷದ ನಂತರ ನಾನು ತಲೆ ಮುಳುಗುವ ನೀರಿನಲ್ಲಿದ್ದೆ. ಸಂತೋಷಕ್ಕಿಂತ ಹೆಚ್ಚು ಕೋಪ ಬಂತು. ಇಷ್ಟು ವರ್ಷ ಇದನ್ನು ನನ್ನಿಂದ ತೆಗೆದಿಟ್ಟವರ ಮೇಲೆ, ತೆಗೆಯುವಾಗ ಸುಮ್ಮನೆ ಕೊಟ್ಟುಬಿಟ್ಟ ನನ್ನ ಮೇಲೆ.

ದಡಕ್ಕೆ ಬಂದಾಗ ಗಂಡ ಮರದಡಿಯ ಕುರ್ಚಿಯಲ್ಲಿದ್ದರು. ಮುಖ ತಿರುಗಿಸಿದರು. ಮರುದಿನ ಮಧ್ಯಾಹ್ನದವರೆಗೂ ಮಾತಿಲ್ಲ. ಬೆಳಿಗ್ಗೆ ಮಾತ್ರೆ ಕೊಟ್ಟರೆ ಕೈಯಿಂದ ತೆಗೆದುಕೊಳ್ಳದೆ, ಮೇಜಿನ ಮೇಲಿಟ್ಟ ಮೇಲೆ ತೆಗೆದುಕೊಂಡರು. ಊಟದ ಹೊತ್ತಿಗೆ ಮಾತು ಹೊರಬಂತು.

“ಹನ್ನೊಂದು ಜನರ ಎದುರು ನನ್ನನ್ನು ರೋಗಿ ಮಾಡಿದೆ ನೀನು.”

“ನೀರಿನ ಅಡಿಯಲ್ಲಿ ನಿಮಗೆ ಏನಾದ್ರೂ ಆಗಿದ್ದರೆ?”

“ಅದಕ್ಕೆ ಹೇಳಿದ್ದಾ ನೀನು? ಅಥವಾ ಜಾಗ ಖಾಲಿ ಆಗ್ಲಿ ಅಂತಲಾ?”

ಹೆದರಿಕೆಯಿಂದಲೇ ಹೇಳಿದ್ದು, ಅದು ನಿಜ. ಆದರೆ ಡೈವಿಂಗ್ ಕಲಿಸುವವನು ಫಾರಮಿನ ಮೇಲೆ ಗೆರೆ ಎಳೆದಾಗ ನನ್ನೊಳಗೆ ಏನೋ ಹಗುರವಾಗಿ ಕುಣಿದದ್ದೂ ನಿಜ. “ಎರಡೂ,” ಎಂದೆ. ಅವರು ಅನ್ನ ಕಲಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ಬಹಳ ದಿನಗಳ ನಂತರ ಸರಿಯಾಗಿ ನೋಡಿದ್ದು ಅಂದೇ ಇರಬೇಕು. ಆಮೇಲೆ, “ಉಪ್ಪಿನಕಾಯಿ ಉಂಟಾ ಅಲ್ಲಿ?” ಎಂದರು. ಕೊಟ್ಟೆ.

ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ. ಊರಿಗೆ ಬಂದು ತಿಂಗಳಾದ ಮೇಲೆ ಕಂಪನಿಯಿಂದ ದೊಡ್ಡ ಕಟ್ಟೊಂದು ಬಂತು. ಡೈವಿಂಗಿನವರು ತೆಗೆದ, ಚೌಕಟ್ಟು ಹಾಕಿದ ಫೋಟೋ. ನೀರಿನ ಅಡಿಯಲ್ಲಿ ನಾನು, ಕಪ್ಪು ಉಡುಪು, ಮುಖದ ತುಂಬ ಕನ್ನಡಕ ಮತ್ತು ನಳಿಕೆ, ಸುತ್ತ ಹಳದಿ ಮೀನು. ಕೆಳಗೆ ಚಿನ್ನದ ಅಕ್ಷರದಲ್ಲಿ ನನ್ನ ಗಂಡನ ಹೆಸರು, ‘ಸಾಹಸಿ ಡೀಲರ್’ ಎಂಬ ಬಿರುದು ಬೇರೆ. ನಾನು ಬ್ಯಾಂಕಿಗೆ ಹೋಗಿದ್ದ ಹೊತ್ತಿನಲ್ಲಿ ಗಂಡ ಅದನ್ನು ಕೌಂಟರಿನ ಹಿಂದಿನ ಗೋಡೆಗೆ ಹಾಕಿದ್ದರು.

ಬಂದು ನೋಡುವಾಗ ಗಿರಾಕಿಯೊಬ್ಬರು ಫೋಟೋ ನೋಡುತ್ತ ಕೇಳುತ್ತಿದ್ದರು, “ಹೇಗೆ ಆಗ್ತದೆ ಮಾರಾಯ್ರೆ ಅಡಿಯಲ್ಲಿ?”

“ಮೊದಲಿಗೆ ಕಿವಿ ನೋಯ್ತದೆ,” ಎಂದರು ನನ್ನ ಗಂಡ. “ಮೂಗು ಹಿಡಿದು ಊದಿದರೆ ಬಿಡ್ತದೆ. ಮತ್ತೆ ಮೀನುಗಳು ಹೀಗೆ ಎರಡು ಭಾಗ ಆಗಿ ಹೋಗ್ತವೆ.” ಕೈಯಲ್ಲಿ ತೋರಿಸಿದರು ಕೂಡ.

ನಾನು ಬಾಗಿಲಲ್ಲೇ ನಿಂತು, “ಅದು ನಾನು,” ಎಂದೆ. ಗಿರಾಕಿ ನನ್ನನ್ನು ನೋಡಿದರು, ಫೋಟೋ ನೋಡಿದರು. ಗಂಡನ ಕಿವಿ ಕೆಂಪಾಯಿತು. “ನೀನು ಹೇಳಿದ್ದನ್ನೇ ಹೇಳಿದ್ದಲ್ಲ ನಾನು,” ಎಂದರು. ಸುಳ್ಳಲ್ಲ. ನಾನು ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದ್ದರು. ನಾನು ಮಾತಾಡುವಾಗ ಕೇಳಿಸಿಕೊಂಡಿದ್ದರಲ್ಲ ಎಂದು ಒಂದು ಕ್ಷಣ ಮೆಚ್ಚುಗೆಯಾದದ್ದೂ ಹೌದು. ಅದಕ್ಕೇ ಮತ್ತಷ್ಟು ಸಿಟ್ಟು ಬಂತು.

ಮ್ಯಾನೇಜರಿಗೆ ಫೋನ್ ಮಾಡಿದೆ. “ಸಿಸ್ಟಮ್‌ನಲ್ಲಿ ಸರ್ ಹೆಸರೇ ಇರೋದು ಮೇಡಂ, ನಾನೇನು ಮಾಡ್ಲಿ?” ಎಂದರು. ಹಾಗಾದರೆ ಸಿಸ್ಟಮ್ ಸರಿ ಮಾಡಿ ಎಂದೆ. ಅಂಗಡಿಯ ಲೆಟರ್‌ಹೆಡ್ಡಿನಲ್ಲಿ ಕಂಪನಿಗೆ ಕಾಗದ ಬರೆದೆ. ಡೀಲರ್‌ಶಿಪ್ಪಿನ ಒಪ್ಪಂದದಲ್ಲಿ ಯಾರ ಸಹಿ ಇದೆಯೋ ಅವರ ಹೆಸರು ನಿಮ್ಮ ಪುಸ್ತಕದಲ್ಲಿ ಬರುವವರೆಗೆ ಬೇಸಗೆಯ ಆರ್ಡರ್ ಹಾಕುವುದಿಲ್ಲ ಎಂದು ಬರೆದು, ಸಹಿ ಮಾಡಿ, ಮೊಹರು ಒತ್ತಿದೆ. ಗಂಡ ಅದನ್ನು ಓದಿದರು. ತಡೆಯುತ್ತಾರೆ ಎಂದುಕೊಂಡಿದ್ದೆ. “ದಿನಾಂಕ ಬರೀಲಿಲ್ಲ ನೀನು,” ಎಂದು ಹಿಂದೆ ಕೊಟ್ಟರು.

ಮೂರನೆಯ ವಾರಕ್ಕೆ ಹೊಸ ಫೋಟೋ ಬಂತು, ನನ್ನ ಹೆಸರಿನಲ್ಲಿ. ‘ಸಾಹಸಿ ಡೀಲರ್’ ಎಂಬುದನ್ನು ಮಾತ್ರ ತೆಗೆದುಹಾಕಿ ‘ಪ್ರವಾಸದ ನೆನಪು’ ಎಂದು ಮಾಡಿದ್ದರು! ಹೆಂಗಸಿನ ಹೆಸರಿನ ಕೆಳಗೆ ಸಾಹಸ ಕೂರುವುದಿಲ್ಲವೇನೋ. ಮತ್ತೆ ಫೋನ್ ಮಾಡಿದೆ. ಇವತ್ತಿನವರೆಗೂ ‘ನೋಡೋಣ ಮೇಡಂ’ ಎನ್ನುತ್ತಿದ್ದಾರೆ.

ಈ ಕತೆಯನ್ನೆಲ್ಲ ಬಂಟ್ವಾಳದವರಿಗೆ ಫೋನಿನಲ್ಲಿ ಹೇಳುತ್ತಿರುತ್ತೇನೆ. ಒಂದು ದಿನ ಅವರು ನಡುವೆಯೇ ತಡೆದು, “ಅದೆಲ್ಲ ಇರ್ಲಿ. ನನಗೆ ಈಜು ಕಲಿಸ್ತೀರಾ? ಮುಂದಿನ ಸಲ ನಾನು ಬಟ್ಟೆ ಹಿಡ್ಕೊಂಡು ನಿಲ್ಲುವುದಿಲ್ಲ,” ಎಂದರು. ಇಬ್ಬರಿಗೂ ಬಸ್ಸಿನ ಅನುಕೂಲ ನೋಡಿ ಮೂಡುಬಿದಿರೆಯ ಒಂದು ಈಜುಕೊಳಕ್ಕೆ ಹೋದೆವು. ಹೆಂಗಸರ ಸಮಯ ಮಧ್ಯಾಹ್ನ ಒಂದರಿಂದ ಎರಡು, ತಲೆ ಸುಡುವ ಬಿಸಿಲಿನ ಹೊತ್ತು. ಬೆಳಿಗ್ಗೆ ಸಂಜೆಯ ತಂಪೆಲ್ಲ ಗಂಡಸರಿಗೆ.

“ಹೆಂಗಸರು ಬರುವುದಿಲ್ಲ ಅಕ್ಕ, ಹಾಗಾಗಿ ಆ ಸಮಯ ಕೊಟ್ಟದ್ದು,” ಎಂದ ಟಿಕೆಟಿನವನು.

“ಆ ಸಮಯ ಕೊಟ್ಟರೆ ಯಾರು ಬರ್ತಾರೆ?” ಎಂದರು ಬಂಟ್ವಾಳದವರು. “ಒಂದು ಪೇಪರ್ ಕೊಡಿ, ಅರ್ಜಿ ಬರೆಯುವ.”

ಸಮಯ ಬದಲಿಸಿ ಎಂದು ಅರ್ಜಿ ಬರೆದು, ಅವನ ಮೇಜಿನ ಮೇಲಿಟ್ಟು, ಬಂದ ಮೇಲೆ ಬಿಡುವುದೇಕೆ ಎಂದು ನೀರಿಗಿಳಿದೆವು. ಕೊಳದಲ್ಲಿ ನಾವಿಬ್ಬರೇ. ಅವರು ಅಂಚಿನ ಕಂಬಿಯನ್ನು ಬಿಡಲೊಲ್ಲರು. ನಾನು ಹೊಟ್ಟೆಯ ಅಡಿಗೆ ಕೈ ಕೊಟ್ಟೆ. “ಬಿಡ್ಬೇಡಿ, ಬಿಡ್ಬೇಡಿ,” ಎನ್ನುತ್ತ ಕಾಲು ಬಡಿದರು, ನೀರು ಕುಡಿದರು, ಟಿಕೆಟಿನವನನ್ನು ಬೈದರು, ಮತ್ತೆ ಕಾಲು ಬಡಿದರು. ಎರಡು ಗಂಟೆಗೆ ಟಿಕೆಟಿನವನು ಸೀಟಿ ಊದಿ ಏಳಿ ಎಂದ. “ಇನ್ನು ಹತ್ತು ನಿಮಿಷ,” ಎಂದು ಬಂಟ್ವಾಳದವರು ನೀರಿನೊಳಗಿಂದಲೇ ಕೂಗಿ ಹೇಳಿದರು.